ಸೊರಗಿದ ಬೀದಿನಾಯಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು ಹೇಗೆ

ಪಕ್ಕೆಲುಬು ಎಣಿಸಬಹುದಾದಷ್ಟು ಸೊರಗಿದ, ಮೈಮೇಲಿನ ಕೂದಲೆಲ್ಲ ಉದುರಿದ ನಾಯಿಯೊಂದನ್ನು ಕಂಡು ಮರುಗುವ ಜನ ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಮರುಗಿದವರು ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತಾರೆ. ಬಟ್ಟಲು ತುಂಬ ಹಾಲು ಅನ್ನ ಕಲಸಿ ಇಡುತ್ತಾರೆ, ಮನೆಗೆ ತಂದು ಸ್ನಾನ ಮಾಡಿಸುತ್ತಾರೆ, ತಲೆ ಸವರಿ ಮುದ್ದು ಮಾಡುತ್ತಾರೆ. ಮೊದಲ ದಿನ ಈ ಮೂರೂ ನಾಯಿಗೆ ಕೆಡುಕೇ ಮಾಡುತ್ತವೆ. ಮೊದಲನೆಯದಂತೂ ಪ್ರಾಣವನ್ನೇ ತೆಗೆಯಬಹುದು. ಬೀದಿನಾಯಿಗಳ ಆರೈಕೆಯಲ್ಲಿ ವರ್ಷಗಳಿಂದ ತೊಡಗಿಕೊಂಡಿರುವ ನಾನು ಹೊಸಬರಿಗೆ ಮತ್ತೆ ಮತ್ತೆ ಹೇಳುವುದು ಒಂದೇ: ನಿಧಾನಿಸಿ. ಆಸ್ಪತ್ರೆಗೆ ಒಯ್ಯುವುದರಲ್ಲಿ ತಡ ಬೇಡ. ಉಳಿದ ಎಲ್ಲದರಲ್ಲೂ ನಾಯಿಯ ವೇಗಕ್ಕೆ ನಾವು ಇಳಿಯಬೇಕು.

ಮೊದಲು ನೋಡಿ, ವಿಚಾರಿಸಿ

ನಾಯಿ ಬಡಕಲಾಗಿದೆ ಎಂದ ಮಾತ್ರಕ್ಕೆ ಅದಕ್ಕೆ ಯಾರೂ ಇಲ್ಲ ಎಂದಲ್ಲ. ಚಹಾದಂಗಡಿಯವರು, ಹೂ ಮಾರುವ ಅಮ್ಮ, ಬೆಳಗಿನ ಹಾಲಿನವರು, ರಾತ್ರಿ ಕಾವಲುಗಾರರು, ಇವರನ್ನು ಕೇಳಿ. ಆ ಬೀದಿಯ ನಾಯಿಗಳ ಚರಿತ್ರೆ ಇವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಎಷ್ಟು ದಿನದಿಂದ ಹೀಗಿದೆ, ಯಾರಾದರೂ ಸಾಕಿ ಬಿಟ್ಟುಹೋದದ್ದೇ, ಈಚೆಗೆ ಬೇರೆ ನಾಯಿ ಇದನ್ನು ಕಚ್ಚಿದೆಯೇ, ಇದು ಯಾರನ್ನಾದರೂ ಕಚ್ಚಿದೆಯೇ. ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಸಿಗದೆ ಮುಂದುವರಿಯಬೇಡಿ.

ಆಮೇಲೆ ದೂರದಿಂದಲೇ ಗಮನಿಸಿ. ಒಂದು ಕಿವಿಯ ತುದಿಯನ್ನು ಒಪ್ಪವಾಗಿ ಕತ್ತರಿಸಿದ ಗುರುತಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ಕುತ್ತಿಗೆಯ ಸುತ್ತ ಹಸಿ ಗಾಯವಿದ್ದರೆ ಮರಿಯಿದ್ದಾಗ ಯಾರೋ ಕಟ್ಟಿದ ಹಗ್ಗವೋ ಪಟ್ಟಿಯೋ ಮೈ ಬೆಳೆದಂತೆ ಮಾಂಸದೊಳಗೆ ಹೂತುಹೋಗಿರಬಹುದು. ಅದನ್ನು ನೀವೇ ಎಳೆದು ತೆಗೆಯಲು ಹೋಗಬೇಡಿ. ಅರಿವಳಿಕೆ ಕೊಟ್ಟು ತೆಗೆಯಬೇಕಾದದ್ದು ಅದು. ಹೆಣ್ಣು ನಾಯಿಯಾದರೆ ಹೊಟ್ಟೆಯ ಕಡೆ ನೋಡಲೇಬೇಕು. ಮೊಲೆಗಳು ಜೋತುಬಿದ್ದು ಹಾಲು ತುಂಬಿದ್ದರೆ ಹತ್ತಿರದಲ್ಲೆಲ್ಲೋ ಮರಿಗಳಿವೆ: ಮೋರಿಯ ಪೈಪಿನೊಳಗೆ, ಮರಳಿನ ರಾಶಿಯ ಹಿಂದೆ, ಅರ್ಧ ಕಟ್ಟಿದ ಮನೆಯ ಮೆಟ್ಟಿಲ ಕೆಳಗೆ. ತಾಯಿಯನ್ನು ಮಾತ್ರ ಎತ್ತಿಕೊಂಡು ಹೋದರೆ ಕಣ್ಣು ಬಿಡದ ಮರಿಗಳು ಹಸಿವಿನಿಂದಲೂ ಚಳಿಯಿಂದಲೂ ಸಾಯುತ್ತವೆ. ಅವು ಸಿಗುವವರೆಗೆ ತಾಯಿಗೆ ಅಲ್ಲೇ ಊಟ, ನೀರು ಕೊಡಿ. ತಿಂದ ಮೇಲೆ ಅದು ಹೋಗುವ ದಾರಿಯನ್ನೇ ಹಿಂಬಾಲಿಸಿ.

ಇಷ್ಟಾದ ಮೇಲೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ನಾಯಿಯನ್ನು ಬೀದಿಯಿಂದ ಎತ್ತಲೇಬೇಕೇ? ಬರೀ ಕಜ್ಜಿ ಇದ್ದು, ಓಡಾಡಿಕೊಂಡು, ಗೊತ್ತಾದ ಹೊತ್ತಿಗೆ ಗೊತ್ತಾದ ಮನೆಯ ಮುಂದೆ ಬರುವ ನಾಯಿಗೆ ವೈದ್ಯರ ಸಲಹೆಯಂತೆ ಊಟದಲ್ಲಿ ಮಾತ್ರೆ ಬೆರೆಸಿ ಅಲ್ಲೇ ವಾಸಿಮಾಡಬಹುದು. ತನ್ನ ಜಾಗ, ತನ್ನ ಜೊತೆಗಾರರನ್ನು ಬಿಟ್ಟು ಪಂಜರದಲ್ಲಿ ಕಳೆಯುವ ಒಂದು ತಿಂಗಳಿಗಿಂತ ಅದು ನಾಯಿಗೆ ಹಿತ. ಏಳಲಾರದ್ದು, ಊಟ ಬಿಟ್ಟದ್ದು, ಹುಳು ಬಿದ್ದ ಗಾಯವಿರುವುದು, ವಾಹನ ಬಡಿದದ್ದು, ಒಂಟಿ ಮರಿ, ಮನೆಯಲ್ಲೇ ಬೆಳೆದು ಬೀದಿಯ ಬದುಕು ತಿಳಿಯದೆ ಕಂಗೆಟ್ಟ ಜಾತಿನಾಯಿ, ಇವನ್ನು ಮಾತ್ರ ಎತ್ತಲೇಬೇಕು.

ನಿಮ್ಮ ಜೀವ ಮೊದಲು

ಈ ಕೆಲಸಕ್ಕೆ ಇಳಿಯುವವರು ಮೊದಲು ತಾವು ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಕಚ್ಚುವ ಮುನ್ನವೇ ಹಾಕಿಸಿಕೊಳ್ಳುವ ಕ್ರಮದಲ್ಲಿ 3 ಚುಚ್ಚುಮದ್ದು: ಮೊದಲ ದಿನ, 7ನೇ ದಿನ, 21 ಅಥವಾ 28ನೇ ದಿನ. ಇದಾದವರಿಗೆ ಮುಂದೆ ನಾಯಿ ಕಚ್ಚಿದರೆ ಆ ದಿನ ಒಂದು, 3ನೇ ದಿನ ಇನ್ನೊಂದು, ಎರಡೇ ಚುಚ್ಚುಮದ್ದು ಸಾಕು; ಗಾಯದ ಸುತ್ತ ಹಾಕುವ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗುವುದಿಲ್ಲ. ಹಾಕಿಸಿಕೊಂಡಿರಲಿ ಬಿಡಲಿ, ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ಜೊಲ್ಲು ಬಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಏನನ್ನೂ ಮೆತ್ತಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಮದ್ದಿಲ್ಲ.

ಹುಚ್ಚುನಾಯಿ ಎಂದರೆ ಕಂಡಕಂಡವರನ್ನು ಅಟ್ಟಿಸಿಕೊಂಡು ಕಚ್ಚುವ ನಾಯಿ ಎಂದಷ್ಟೇ ಬಹಳ ಜನರ ಎಣಿಕೆ. ರೇಬೀಸಿನ ಇನ್ನೊಂದು ರೂಪ ಇದಕ್ಕಿಂತ ಅಪಾಯದ್ದು. ಅದರಲ್ಲಿ ನಾಯಿ ಮಂಕಾಗಿ ಮೂಲೆ ಸೇರುತ್ತದೆ, ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲಾಗದೆ ಒದ್ದಾಡುತ್ತದೆ, ಬೊಗಳುವ ದನಿ ಬದಲಾಗುತ್ತದೆ, ಹಿಂಗಾಲು ತೂರಾಡುತ್ತದೆ. ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಂತೆ ಕಾಣುತ್ತದೆ. ಕರುಣೆಯಿಂದ ಬಾಯೊಳಗೆ ಕೈ ಹಾಕುವುದು ಇಲ್ಲಿಯೇ. ಬಾಯಿ ಮುಚ್ಚಲಾಗದ, ಜೊಲ್ಲು ಸುರಿಸುವ ಬೀದಿನಾಯಿಯ ಬಾಯಿಗೆ ಯಾವ ಕಾರಣಕ್ಕೂ ಕೈ ಹಾಕಬೇಡಿ. ಮಕ್ಕಳನ್ನು ದೂರ ಕಳಿಸಿ, ಸಾಧ್ಯವಾದರೆ ಗೇಟು ಹಾಕಿ ನಾಯಿ ಆಚೆ ಹೋಗದಂತೆ ಮಾಡಿ, ನಗರಪಾಲಿಕೆ ಅಥವಾ ಪಂಚಾಯಿತಿಗೂ ಪಶು ಆಸ್ಪತ್ರೆಗೂ ತಿಳಿಸಿ.

ಹಿಡಿಯುವುದು

ತುರ್ತಿಲ್ಲದಿದ್ದರೆ ಕೆಲವು ದಿನ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಒಬ್ಬರೇ ಊಟ ಇಡಿ. ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ನಾಯಿಯ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ. ಪಕ್ಕಕ್ಕೆ ತಿರುಗಿ ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಿ, ನೆಲ ನೋಡಿ, ತುಣುಕುಗಳನ್ನು ನಿಮ್ಮಿಂದ ದೂರಕ್ಕೆ ಎಸೆಯುತ್ತ ಬನ್ನಿ. ಅದು ತುಟಿ ನೆಕ್ಕಿಕೊಂಡರೆ, ಹಸಿವೆಯ ನಡುವೆಯೂ ಆಕಳಿಸಿದರೆ, ಮುಖ ತಿರುಗಿಸಿ ಕಣ್ಣಂಚಿನ ಬಿಳಿ ತೋರಿಸಿದರೆ ಭಯಪಟ್ಟಿದೆ ಎಂದು ತಿಳಿದು ಹಿಂದೆ ಸರಿಯಿರಿ. ಮೈ ಸೆಟೆದು ಅಲುಗಾಡದೆ ನಿಂತರೆ ಕಚ್ಚಲು ಸಿದ್ಧವಾಗಿದೆ. ಬಾಲ ಆಡುತ್ತಿದೆ ಎಂಬ ಒಂದನ್ನೇ ನಂಬಬೇಡಿ. ಸೆಟೆದ ಮೈಯ ಮೇಲೆ ಬಾಲ ಆಡುವುದು ಸ್ನೇಹದ ಗುರುತಲ್ಲ.

ಹಿಡಿಯುವಾಗ ಇಬ್ಬರು ಸಾಕು, ಗುಂಪು ಬೇಡ. ದಪ್ಪ ಹಗ್ಗದಲ್ಲಿ ಜೀರುಗುಣಿಕೆ ಹಾಕಿ, ಊಟದ ಬಟ್ಟಲಿನ ಸುತ್ತ ಸಡಿಲವಾಗಿ ಇಟ್ಟು, ತಲೆ ತಗ್ಗಿಸಿದಾಗ ಮೆಲ್ಲಗೆ ಮೇಲೆತ್ತಿ. ಏಳಲಾರದ ನಾಯಿಯ ಮೇಲೆ ಹಳೆಯ ಕಂಬಳಿ ಹೊದಿಸಿ ಕಂಬಳಿಯ ಸಮೇತ ಎತ್ತಿ. ನೋವಿನಲ್ಲಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚುತ್ತದೆ, ಆದ್ದರಿಂದ ಬಾಯಿ ಕಟ್ಟಬೇಕು. ಉದ್ದನೆಯ ಬಟ್ಟೆಯ ಪಟ್ಟಿಯನ್ನೋ ವೇಲನ್ನೋ ಮೂತಿಯ ಸುತ್ತ ಒಂದು ಸುತ್ತು ಹಾಕಿ, ದವಡೆಯ ಕೆಳಗೆ ತಿರುವಿ, ಕಿವಿಗಳ ಹಿಂದೆ ಬಿಚ್ಚಲು ಸುಲಭವಾಗುವ ಗಂಟು ಹಾಕಿ. ವಾಂತಿ ಮಾಡುತ್ತಿರುವ, ಏದುಸಿರು ಬಿಡುತ್ತಿರುವ ನಾಯಿಗೆ ಮಾತ್ರ ಬಾಯಿ ಕಟ್ಟಬಾರದು. ವಾಹನ ಬಡಿದದ್ದಾದರೆ ಬೆನ್ನು ಬಾಗದಂತೆ ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಬೆಡ್‌ಶೀಟಿನ ಮೇಲೋ ಜಾರಿಸಿಕೊಂಡು ಒಯ್ಯಿರಿ. ಮುರಿದ ಕಾಲಿಗೆ ನೀವೇ ಕಡ್ಡಿ ಕಟ್ಟುವುದು ಬೇಡ. ಆಟೋದವರಿಗೆ ಮೊದಲೇ ಹೇಳಿ, ಸೀಟಿಗೆ ಹಾಸಲು ಪ್ಲಾಸ್ಟಿಕ್ ಹಾಳೆ ಇಟ್ಟುಕೊಂಡಿದ್ದರೆ ಬಹಳ ಜನ ಬರುತ್ತಾರೆ.

ಆಸ್ಪತ್ರೆಯಲ್ಲಿ

ತಾಲ್ಲೂಕು, ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಕಗ್ಗಂಟಾದ ಕಾಯಿಲೆಗಳಿಗೆ ಅಲ್ಲಿಗೆ ಹೋಗುವುದು ಒಳ್ಳೆಯದು. 1962 ಪಶು ಸಂಜೀವಿನಿ ಸಹಾಯವಾಣಿ ಮುಖ್ಯವಾಗಿ ದನಕರುಗಳಿಗಾಗಿ ಇದ್ದರೂ ಹತ್ತಿರದ ವೈದ್ಯರು ಯಾರೆಂದು ತಿಳಿಯಲು ಕರೆ ಮಾಡಿ ನೋಡಬಹುದು. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್‌ನಂಥ ಪ್ರಾಣಿದಯಾ ಸಂಸ್ಥೆಗಳೂ ಇವೆ. ಆದರೆ ಅವರ ಆಶ್ರಯತಾಣಗಳು ಸದಾ ತುಂಬಿರುತ್ತವೆ. ನಾಯಿಯನ್ನು ಅಲ್ಲಿ ಬಿಟ್ಟು ಬರುವ ಯೋಚನೆಗಿಂತ, ಚಿಕಿತ್ಸೆಗೆ ನೆರವು ಕೇಳಿ ಆರೈಕೆಯನ್ನು ನೀವೇ ವಹಿಸಿಕೊಳ್ಳುವ ಯೋಚನೆ ಮಾಡಿಕೊಂಡು ಹೋಗಿ.

ನಾಯಿಯ ಸಹಜ ಮೈಶಾಖ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರಿಗೆ ಜ್ವರವೆನಿಸುವ ಮಟ್ಟ ಅದಕ್ಕೆ ಸಹಜ. ಇದು ತಿಳಿಯದೆ ಮೈ ಬಿಸಿಯಿದೆ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ಕೊಡುವವರಿದ್ದಾರೆ. ಇವು ನಾಯಿಯ ಯಕೃತ್ತು, ಮೂತ್ರಪಿಂಡ, ಕರುಳುಗಳನ್ನು ಕೆಡಿಸುತ್ತವೆ. ಮೈ ಮುಟ್ಟಿ ನೋಡುವುದಕ್ಕಿಂತ ಒಸಡು ನೋಡುವುದನ್ನು ಕಲಿಯಿರಿ. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಸುಣ್ಣದಂತೆ ಬಿಳಿಚಿದ್ದರೆ ರಕ್ತಹೀನತೆ, ಹಳದಿಯಾಗಿದ್ದರೆ ಕಾಮಾಲೆ, ಒಣಗಿ ಅಂಟಂಟಾಗಿದ್ದರೆ ನೀರಿನ ಕೊರತೆ. ಮೂರೂ ಅಂದೇ ಚಿಕಿತ್ಸೆ ಬೇಕಾದಂಥವು.

ವೈದ್ಯರಲ್ಲಿ ರಕ್ತಪರೀಕ್ಷೆ, ಅದರಲ್ಲೂ ಪ್ಲೇಟ್‌ಲೆಟ್ ಎಣಿಕೆ ಮಾಡಿಸಲು ಕೇಳಿ. ಕಜ್ಜಿಯಿದ್ದರೆ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಕೇಳಿ. ತೂಕ ಬರೆದಿಟ್ಟುಕೊಳ್ಳಿ, ಏಕೆಂದರೆ ಎಲ್ಲ ಔಷಧಿಯ ಪ್ರಮಾಣವೂ ತೂಕದ ಮೇಲೆಯೇ ನಿಂತಿದೆ. ಹಣ ಕೂಡಿಸಬೇಕಾದರೆ ಬೀದಿಯವರನ್ನೇ ಕೇಳಿ, ರಸೀದಿಗಳ ಚಿತ್ರ ಎಲ್ಲರಿಗೂ ಕಳಿಸಿ. ಐವತ್ತು ರೂಪಾಯಿ ಕೊಟ್ಟವರು ಮುಂದೆ ಆ ನಾಯಿಯನ್ನು ಕಲ್ಲು ಹೊಡೆದು ಓಡಿಸುವುದಿಲ್ಲ.

ಹಸಿದ ಹೊಟ್ಟೆಗೆ ಎಷ್ಟು, ಏನು

ಬಹುಕಾಲ ಊಟವಿಲ್ಲದ ದೇಹ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿಕೊಂಡು ಬದುಕಿರುತ್ತದೆ. ಅಂಥ ದೇಹಕ್ಕೆ ಇದ್ದಕ್ಕಿದ್ದಂತೆ ಬಟ್ಟಲು ತುಂಬ ಅನ್ನ ಬಿದ್ದರೆ ಇನ್ಸುಲಿನ್ ಉಕ್ಕುತ್ತದೆ. ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಒಮ್ಮೆಗೇ ಜೀವಕೋಶಗಳೊಳಗೆ ಸೇರಿಹೋಗುತ್ತವೆ. ಆಗ ಹೃದಯದ ಬಡಿತ ತಪ್ಪುತ್ತದೆ, ಉಸಿರಾಟ ಸೋಲುತ್ತದೆ. ಎರಡನೇ ಮಹಾಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾಗಿ ಹೊಟ್ಟೆ ತುಂಬ ಉಂಡ ಮನುಷ್ಯರೂ ಹೀಗೆಯೇ ಸತ್ತಿದ್ದಾರೆ. ವೈದ್ಯರು ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ನಾಯಿ ಊಟ ಮಾಡಿ, ಚೇತರಿಸಿಕೊಂಡಂತೆ ಕಂಡು, ಎರಡು ಮೂರು ದಿನದಲ್ಲಿ ಕುಸಿದು ಬಿದ್ದರೆ ಬಹುಪಾಲು ಜನ ಬೇರೇನೋ ಕಾಯಿಲೆಯಿತ್ತು ಎಂದುಕೊಂಡು ಸುಮ್ಮನಾಗುತ್ತಾರೆ.

ಲೆಕ್ಕ ಹೀಗಿದೆ. ಹತ್ತು ಕೆ.ಜಿ. ತೂಗುವ ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 400 ಕ್ಯಾಲೊರಿ ಬೇಕು. ತೀರ ಎಲುಬುಗೂಡಾದ ನಾಯಿಗೆ ಮೊದಲ ದಿನ ಅದರ ಕಾಲುಭಾಗ, ಎಂದರೆ 100 ಕ್ಯಾಲೊರಿ ಮಾತ್ರ. ಒಂದು ಬೇಯಿಸಿದ ಮೊಟ್ಟೆ, ಜೊತೆಗೆ ಒಂದೆರಡು ಚಮಚ ಬೇಯಿಸಿದ ಕೋಳಿಮಾಂಸದ ಚೂರು. ಇಡೀ ದಿನಕ್ಕೆ ಇಷ್ಟೇ! ಅದನ್ನೂ ಐದಾರು ಸಲ ಹಂಚಿ ಕೊಡಬೇಕು. ತಟ್ಟೆ ನೆಕ್ಕಿ ನಿಮ್ಮ ಮುಖ ನೋಡುತ್ತದೆ, ಎದೆ ಹಿಂಡುತ್ತದೆ. ಕೊಡಬೇಡಿ. ಎರಡನೇ ದಿನ ಅರ್ಧ, ಮೂರನೇ ದಿನ ಮುಕ್ಕಾಲು, ನಾಲ್ಕನೇ ದಿನ ಪೂರ್ತಿ; ವಾಂತಿ ಭೇದಿ ಕಂಡರೆ ಒಂದು ಹೆಜ್ಜೆ ಹಿಂದಕ್ಕೆ. ಈ ದಿನಗಳಲ್ಲಿ ಅನ್ನ, ಗಂಜಿ ಕಡಿಮೆ, ಮೊಟ್ಟೆ ಮಾಂಸ ಹೆಚ್ಚು. ಏಕೆಂದರೆ ಇನ್ಸುಲಿನ್ ಉಕ್ಕಿಸುವುದು ಪಿಷ್ಟವೇ. ಮನೆಯಲ್ಲಿ ಮಾಂಸ ಬೇಯಿಸದವರು ಪಶುವೈದ್ಯರ ಬಳಿ ಸಿಗುವ, ರೋಗದಿಂದ ಚೇತರಿಸಿಕೊಳ್ಳುವ ನಾಯಿಗಳಿಗೆಂದೇ ಮಾಡಿದ ಡಬ್ಬಿ ಆಹಾರ ತರಬಹುದು. ಬರೀ ತೆಳ್ಳಗಿರುವ, ದಿನಾ ಒಂದಿಷ್ಟು ತಿನ್ನುತ್ತಿದ್ದ ನಾಯಿಗೆ ಇಷ್ಟು ಬಿಗಿ ಬೇಕಿಲ್ಲ. ದಿನಕ್ಕೆ ನಾಲ್ಕು ಸಣ್ಣ ಊಟ ಸಾಕು.

ವಾರ ಕಳೆದ ಮೇಲೆ ಅನ್ನವನ್ನೋ ಚೆನ್ನಾಗಿ ಬೇಯಿಸಿದ ರಾಗಿಯನ್ನೋ ಸೇರಿಸುತ್ತ ಬನ್ನಿ. ರಾಗಿ ಮುದ್ದೆ ನಾಯಿಗೆ ಒಗ್ಗುತ್ತದೆ, ಆದರೆ ಬರೀ ಮುದ್ದೆಯಿಂದ ಮಾಂಸಖಂಡ ಮರಳುವುದಿಲ್ಲ. ಮೊಟ್ಟೆ, ಮೀನು, ಕೋಳಿ, ಮೊಸರು ಯಾವುದಾದರೂ ಇರಲೇಬೇಕು. ಹಾಲು ಬೇಡ, ಬೆಳೆದ ನಾಯಿಗಳಲ್ಲಿ ಬಹಳಕ್ಕೆ ಅದು ಅರಗದೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಆದ್ದರಿಂದ ಉಳಿದ ಸಾರು, ಪಲ್ಯ ಕಲಸಿ ಹಾಕುವ ಪದ್ಧತಿ ಬಿಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಅಗ್ಗದ ಬಿಸ್ಕತ್ತು ಬಹುಪಾಲು ಸಕ್ಕರೆ, ಮೈದಾ. ಅದನ್ನೇ ದಿನದ ಊಟ ಎಂದು ಹಾಕುವವರು ಅದೇ ದುಡ್ಡಿಗೆ ಮೊಟ್ಟೆ ತರಲಿ.

ನೀರನ್ನು ಆಗಾಗ ಸ್ವಲ್ಪ ಸ್ವಲ್ಪ ಇಡಿ. ತಲೆ ಎತ್ತಲಾರದೆ ಮಲಗಿದ ನಾಯಿಯ ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೆ ಡ್ರಿಪ್ಪೇ ಗತಿ.

ಚರ್ಮ, ಉಣ್ಣೆ, ಹುಳು

ಕಜ್ಜಿಯಲ್ಲಿ ಮುಖ್ಯವಾಗಿ ಎರಡು ಬಗೆ, ಎರಡಕ್ಕೂ ಕಣ್ಣಿಗೆ ಕಾಣದ ನುಸಿಗಳೇ ಕಾರಣ. ಸಾರ್ಕಾಪ್ಟಿಕ್ ಬಗೆಯಲ್ಲಿ ವಿಪರೀತ ತುರಿಕೆ. ಕಿವಿಯಂಚು, ಮೊಣಕೈಗಳಲ್ಲಿ ಶುರುವಾಗುತ್ತದೆ, ಬೇರೆ ನಾಯಿಗಳಿಗೂ ಹಬ್ಬುತ್ತದೆ. ಮುಟ್ಟಿದ ಮನುಷ್ಯರ ಕೈಗೂ ತುರಿಕೆ ತಗಲಬಹುದು, ಆದರೆ ನಾಯಿ ವಾಸಿಯಾದಂತೆ ಅದೂ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಡೆಮೊಡೆಕ್ಟಿಕ್ ಬಗೆಯ ನುಸಿ ಎಲ್ಲ ನಾಯಿಗಳ ಕೂದಲಬುಡದಲ್ಲೂ ಇರುತ್ತದೆ. ಹಸಿವು, ಕಾಯಿಲೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮಿತಿಮೀರಿ ಬೆಳೆಯುತ್ತದೆ, ಹರಡುವುದಿಲ್ಲ. ಈಗ ಫ್ಲುರಾಲನರ್, ಅಫಾಕ್ಸೊಲನರ್‌ನಂಥ ಮಾತ್ರೆಗಳು ಎರಡಕ್ಕೂ ಕೆಲಸ ಮಾಡುತ್ತವೆ. ಐವರ್‌ಮೆಕ್ಟಿನ್ ಅಗ್ಗ, ಒಳ್ಳೆಯ ಮದ್ದೂ ಹೌದು. ಆದರೆ ದನಗಳ ಐವರ್‌ಮೆಕ್ಟಿನ್ ತಂದು ಅಂದಾಜಿನ ಮೇಲೆ ಚುಚ್ಚುವುದು ಅಪಾಯ. ಕಾಲಿ (Collie) ಎಂಬ ಕುರಿ ಕಾಯುವ ವಿದೇಶಿ ಜಾತಿಯ ರಕ್ತವಿರುವ ನಾಯಿಗಳಿಗೆ ಅದು ಮಿದುಳಿಗೇರಬಹುದು. ವಾಹನದ ಸುಟ್ಟ ಆಯಿಲ್, ಸೀಮೆಎಣ್ಣೆ, ಫಿನಾಯಿಲ್ ಬಳಿಯುವ ರೂಢಿ ಇನ್ನೂ ಹೋಗಿಲ್ಲ. ಒಡೆದ ಚರ್ಮದ ಮೂಲಕವೂ ನೆಕ್ಕಿದಾಗ ಬಾಯಿಯ ಮೂಲಕವೂ ಅವು ಒಳಸೇರಿ ನಾಯಿಯನ್ನು ನಿಧಾನವಾಗಿ ಕೊಲ್ಲುತ್ತವೆ. ಯಾರಾದರೂ ಬಳಿಯುತ್ತಿರುವುದು ಕಂಡರೆ ಗದರಬೇಡಿ. ಅವರಿಗೂ ಆ ನಾಯಿಯ ಬಗ್ಗೆ ಮರುಕವಿದೆ, ಸರಿಯಾದ ಮಾತ್ರೆಯನ್ನು ಅವರ ಕೈಗೇ ಕೊಡಿ.

ಉಣ್ಣೆ ತೆಗೆಯಲು ಹಗಲ ಬೆಳಕು, ಚಿಮಟ, ಸೋಪುನೀರಿನ ಲೋಟ ಇಟ್ಟುಕೊಂಡು ಕುಳಿತುಕೊಳ್ಳಿ. ಕಿವಿಯ ಮಡಿಕೆಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಬಾಲದ ಕೆಳಗೆ, ಕುತ್ತಿಗೆಯ ಮಡಿಕೆಗಳಲ್ಲಿ ಹುಡುಕಿ. ರಕ್ತ ಕುಡಿದು ಊದಿದ ಹೆಣ್ಣು ಉಣ್ಣೆ ಬೂದುಬಣ್ಣದ ಹರಳುಬೀಜದಷ್ಟು ದಪ್ಪಗಿರುತ್ತದೆ; ಅದರ ಪಕ್ಕದಲ್ಲೇ ಎಳ್ಳಿನಷ್ಟು ಸಣ್ಣ, ಕಂದುಬಣ್ಣದ ಗಂಡು ಉಣ್ಣೆಗಳು ಅಂಟಿಕೊಂಡಿರಬಹುದು. ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದು ನೀರಿಗೆ ಹಾಕಿ. ಉಗುರಿನಿಂದ ಹಿಸುಕಬೇಡಿ. ಕೆಲವು ನಾಯಿಗಳು ಒಂದು ಕಿವಿ ಮುಗಿದ ಮೇಲೆ ಇನ್ನೊಂದನ್ನು ತಾವೇ ಮುಂದಕ್ಕೆ ಚಾಚುತ್ತವೆ. ಉಳಿದವು ಹತ್ತು ಉಣ್ಣೆಗೆ ಸಾಕಪ್ಪಾ ಎಂದು ಎದ್ದುಹೋಗುತ್ತವೆ, ಹೋಗಲಿ, ನಾಳೆ ಮುಂದುವರಿಸಿ. ಹೆಣ್ಣು ಉಣ್ಣೆ ನಾಯಿಯಿಂದ ಉದುರಿ ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿಗೆ ಮದ್ದು ಹಾಕಿದರಷ್ಟೇ ಸಾಲದು, ಮಲಗುವ ಜಾಗದ ಸಂದುಗೊಂದುಗಳನ್ನೂ ಶುಚಿಮಾಡಬೇಕು. ಉಣ್ಣೆಜ್ವರ ಬಂದ ನಾಯಿ ಮಂಕಾಗುತ್ತದೆ, ಒಸಡು ಬಿಳಿಚುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ ಸೋರುತ್ತದೆ, ಇನ್ನೊಂದು ಬಗೆಯಲ್ಲಿ ಮೂತ್ರ ಕಾಫಿಬಣ್ಣಕ್ಕೆ ತಿರುಗುತ್ತದೆ. ಎರ್ಲಿಕಿಯಾ ಎಂಬ ರೋಗಾಣುವಿನಿಂದ ಬರುವ ಬಗೆಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 4 ವಾರ ಕೊಡಬೇಕು. ನಾಲ್ಕೈದು ದಿನದಲ್ಲೇ ನಾಯಿ ಎದ್ದು ಕುಣಿಯುತ್ತದೆ, ಜನ ತಪ್ಪಾಗಿ ಮಾತ್ರೆ ನಿಲ್ಲಿಸಿಬಿಡುವುದು ಆಗಲೇ. ನಿಲ್ಲಿಸಿದರೆ ರೋಗ ಒಳಗೇ ಉಳಿದು ತಿಂಗಳುಗಳ ನಂತರ ಮತ್ತೆ ಎರಗುತ್ತದೆ.

ಮಳೆಗಾಲದಲ್ಲಿ ಹುಳು ಬಿದ್ದ ಗಾಯಗಳೇ ಹೆಚ್ಚು. ಕಣ್ಣಿಗೆ ಕಾಣುವ ಮೊದಲು ವಾಸನೆ ಬರುತ್ತದೆ. ನೊಣದ ಮೊಟ್ಟೆ ಒಂದು ದಿನದೊಳಗೆ ಹುಳುವಾಗಿ ಮಾಂಸದೊಳಗೆ ಸುರಂಗ ಕೊರೆಯುತ್ತದೆ, ಮೇಲೆ ಸಣ್ಣ ತೂತು ಕಂಡರೂ ಒಳಗೆ ಅಂಗೈಯಗಲ ಟೊಳ್ಳಾಗಿರಬಹುದು. ಕಣ್ಣು, ಕಿವಿ, ತಲೆ, ಗುದದ ಹತ್ತಿರವಾದರೆ ವೈದ್ಯರೇ ತೆಗೆಯಬೇಕು. ಕಾಲಿನ ಮೇಲಿನ ಸಣ್ಣ ಗಾಯವಾದರೆ ಸುತ್ತಲಿನ ಕೂದಲು ಕತ್ತರಿಸಿ, ಔಷಧಿ ಅಂಗಡಿಯಲ್ಲಿ ಸಿಗುವ ಪಶುಗಳ ಗಾಯದ ಸ್ಪ್ರೇ ಹೊಡೆದು, ಹೊರಬರುವ ಹುಳುಗಳನ್ನು ಚಿಮಟದಿಂದ ತೆಗೆಯಿರಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ಆ ನೀರಿನಿಂದ ತೊಳೆಯಿರಿ. ಮರುದಿನ ಮತ್ತೆ ನೋಡಿ. ಒಂದೇ ಸಲಕ್ಕೆ ಎಲ್ಲ ಬಂದಿರುವುದಿಲ್ಲ. ಟರ್ಪೆಂಟೈನ್ ಸುರಿಯುವುದು ಹಸಿ ಮಾಂಸವನ್ನು ಸುಡುತ್ತದೆ.

ಸ್ನಾನ? ವಾರ ತಡೆಯಿರಿ. ಮೈಯಲ್ಲಿ ಕೊಬ್ಬಿಲ್ಲದ ನಾಯಿ ತಣ್ಣೀರಿಗೆ ನಡುಗಿ ಶಾಖ ಕಳೆದುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗೋಣಿಚೀಲ ಹಾಸಿ, ಬೆಚ್ಚಗೆ ಮಲಗಿಸಿ.

ಬೇರೆ ಜಾಗ, ಲಸಿಕೆ, ಶಸ್ತ್ರಚಿಕಿತ್ಸೆ

ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಹೊಸ ನಾಯಿ ಕನಿಷ್ಠ 14 ದಿನ ಬೇರೆಯಾಗಿರಲಿ. ತಟ್ಟೆ, ಹಾಸಿಗೆ, ನಿಮ್ಮ ಚಪ್ಪಲಿಯೂ ಬೇರೆ. ಮರಿಗಳಲ್ಲಿ ರಕ್ತಭೇದಿ ತರುವ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲ್‌ಗೆ ಜಗ್ಗುವುದಿಲ್ಲ. ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಒರೆಸಬೇಕು. ಕಣ್ಣು ಮೂಗಿನಲ್ಲಿ ಕೀವು, ಕೆಮ್ಮು, ಆಮೇಲೆ ಸ್ನಾಯು ಸೆಳೆತ ಬಂದರೆ ಡಿಸ್ಟೆಂಪರ್ ಎಂಬ ಅಂಟುರೋಗ ಇರಬಹುದು.

ಜಂತುಹುಳುವಿನ ಮದ್ದು ಮೊದಲು. ಜ್ವರ ಇಳಿದು ತೂಕ ಏರತೊಡಗಿದ ಮೇಲೆ ಲಸಿಕೆ. ಮರಿಗಳಿಗೆ 6ರಿಂದ 8 ವಾರದಲ್ಲಿ ಶುರುಮಾಡಿ 16 ವಾರದವರೆಗೆ 3–4 ವಾರಕ್ಕೊಮ್ಮೆ. ರೇಬೀಸ್ ಲಸಿಕೆ 3 ತಿಂಗಳಿಗೆ, ಆಮೇಲೆ ವರ್ಷವರ್ಷ. ಸಂತಾನಹರಣ ಎಲ್ಲಕ್ಕೂ ಕೊನೆಗೆ, ರಕ್ತಪರೀಕ್ಷೆ ಸರಿಯಾದ ಮೇಲೆ. ಅದನ್ನು ಮಾಡಿಸದೆ ಕೈಬಿಡಬೇಡಿ.

ಮನಸ್ಸು ಮರಳುವುದು

ಗಾಯ ಮಾಯುವುದಕ್ಕಿಂತ ನಂಬಿಕೆ ಬರುವುದಕ್ಕೆ ಹೆಚ್ಚು ಕಾಲ ಬೇಕು. ಮೊದಲ ಮೂರು ದಿನ ಗಾಬರಿ, ಮೂರು ವಾರದಲ್ಲಿ ದಿನಚರಿಯ ಅರಿವು, ಮೂರು ತಿಂಗಳಲ್ಲಿ ತನ್ನ ಮನೆಯೆಂಬ ಭಾವ ಎಂದು ನಾಯಿ ಸಾಕುವವರಲ್ಲಿ ಒಂದು ಅಂದಾಜಿದೆ. ಬಹಳ ಪೆಟ್ಟು ತಿಂದ ನಾಯಿಗೆ ಇದು ಇನ್ನೂ ಹಿಗ್ಗುತ್ತದೆ.

ಬೆನ್ನಿಗೆ ಗೋಡೆ ಸಿಗುವ, ಮೇಲೆ ಮರೆಯಿರುವ ಮೂಲೆಯೊಂದನ್ನು ಕೊಡಿ: ಮಂಚದ ಕೆಳಗೆ, ಮೇಜಿನಡಿ, ಬಾಗಿಲು ತೆಗೆದಿಟ್ಟ ಪಂಜರ. ಆ ಮೂಲೆಗೆ ಯಾರೂ ಕೈ ಹಾಕಬಾರದು, ನೋಡಲು ಬಂದ ನೆಂಟರೂ. ಊಟ, ಹೊರಗೆ ಕರೆದೊಯ್ಯುವುದು, ಮದ್ದು, ಎಲ್ಲ ಅದೇ ಅದೇ ಹೊತ್ತಿಗೆ ಆಗಲಿ. ನೀವು ಹತ್ತಿರ ಕುಳಿತು ಪತ್ರಿಕೆ ಓದಿ, ಸೊಪ್ಪು ಬಿಡಿಸಿ, ಫೋನಿನಲ್ಲಿ ಮಾತಾಡಿ. ನಾಯಿಯ ಕಡೆ ನೋಡುವುದೇ ಬೇಡ. ಅದು ತಾನಾಗಿ ಬಂದು ಮೂಸಿದಾಗಲೂ ಕೈ ಎತ್ತಬೇಡಿ. ಎರಡನೇ, ಮೂರನೇ ಸಲ ಬಂದಾಗ ತಲೆಯ ಮೇಲಲ್ಲ, ಎದೆಯ ಪಕ್ಕದಲ್ಲಿ ಕೆರೆಯಿರಿ, ಮೂರು ಎಣಿಸುವಷ್ಟರಲ್ಲಿ ನಿಲ್ಲಿಸಿ. ಇನ್ನೂ ಬೇಕಿದ್ದರೆ ಅದು ಮೈ ಒತ್ತುತ್ತದೆ.

ನಮ್ಮ ಬೀದಿಯವರು ಕೆಂಚ ಎಂದು ಕರೆಯುತ್ತಿದ್ದ ನಾಯಿಯೊಂದಿತ್ತು. ಕಸಬರಿಕೆ ಕಂಡರೆ ಮೂತ್ರ ಹೊಯ್ದುಕೊಂಡು ಗೋಡೆಗೆ ಅಂಟಿಬಿಡುತ್ತಿತ್ತು. ಕಸಬರಿಕೆಯನ್ನು ಅಂಗಳದ ಆಚೆ ತುದಿಯಲ್ಲಿ ಮಲಗಿಸಿ ಈಚೆ ತುದಿಯಲ್ಲಿ ಮೊಟ್ಟೆ ಕೊಟ್ಟೆವು. ದಿನಾ ಒಂದು ಗೇಣು ಹತ್ತಿರಕ್ಕೆ ತಂದೆವು. ಕಡೆಗೊಂದು ದಿನ ಅದು ಕಸಬರಿಕೆಯ ಮೇಲೆಯೇ ಕಾಲಿಟ್ಟು ಬಟ್ಟಲಿಗೆ ಬಂತು. ಕೋಲು, ಹೆಲ್ಮೆಟ್, ಚಪ್ಪಲಿಯ ಸದ್ದು, ಕುಡಿದ ದನಿ, ಯಾವ ಭಯಕ್ಕಾದರೂ ದಾರಿ ಇದೇ: ಭಯದ ವಸ್ತು ದೂರದಲ್ಲಿ, ಇಷ್ಟದ ತಿಂಡಿ ಹತ್ತಿರದಲ್ಲಿ, ದೂರ ಇಳಿಯುವುದು ನಾಯಿಯ ಒಪ್ಪಿಗೆಯಂತೆ. ಗದರಿ, ಎಳೆದು ಅಭ್ಯಾಸ ಮಾಡಿಸಿದರೆ ಭಯ ಹಲ್ಲಿಗಿಳಿಯುತ್ತದೆ.

ಹಸಿವು ಕಂಡ ನಾಯಿ ತಟ್ಟೆ ಕಾಯುತ್ತದೆ. ತಿನ್ನುವಾಗ ಕೈ ಹಾಕಿ ಪರೀಕ್ಷಿಸುವುದು, ತಟ್ಟೆ ಕಿತ್ತುಕೊಳ್ಳುವುದು ಬೇಡ. ಹಾದುಹೋಗುವಾಗ ಇನ್ನೊಂದು ಒಳ್ಳೆಯ ತುಣುಕನ್ನು ಎಸೆಯುತ್ತ ಹೋಗಿ. ಜನ ಹತ್ತಿರ ಬಂದರೆ ಊಟ ಹೆಚ್ಚುತ್ತದೆ ಎಂದು ಅದು ಕಲಿಯಲಿ. ಚಿಕ್ಕ ಮಕ್ಕಳನ್ನು ನಾಯಿಯೊಂದಿಗೆ ಒಂಟಿಯಾಗಿ ಬಿಡಬೇಡಿ. ಕೊರಳಪಟ್ಟಿ ಕಾಣದ ನಾಯಿಗೆ ಹಗ್ಗ ಕಟ್ಟಿದೊಡನೆ ನೆಲಕ್ಕೆ ಅಂಟಿಕೊಳ್ಳುವುದು ಸಹಜ. ಮೊದಲು ಪಟ್ಟಿ ಮಾತ್ರ ಹಾಕಿ ಬಿಡಿ, ಆಮೇಲೆ ಹಗುರವಾದ ಹಗ್ಗವನ್ನು ಮನೆಯೊಳಗೆ ತಾನೇ ಎಳೆದುಕೊಂಡು ಓಡಾಡಲಿ. ಪಟ್ಟಿಯ ಮೇಲೆ ನಿಮ್ಮ ಫೋನ್ ಸಂಖ್ಯೆ ಬರೆದಿರಬೇಕು. ನಾಯಿ ತಪ್ಪಿಸಿಕೊಂಡು ಓಡುವುದು ಹೆಚ್ಚಾಗಿ ಈ ಮೊದಲ ವಾರಗಳಲ್ಲೇ. ದೀಪಾವಳಿ, ಗಣೇಶನ ಮೆರವಣಿಗೆ ಹತ್ತಿರವಿದ್ದರೆ ಹೊಸ ಮನೆಗೆ ಕಳಿಸುವುದನ್ನು ಮುಂದೂಡಿ.

ಮರಳಿ ಬೀದಿಗೋ, ಒಂದು ಮನೆಗೋ

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ, ಲಸಿಕೆಯಾದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಇದನ್ನು ಎತ್ತಿಹಿಡಿದು, ರೇಬೀಸ್ ಇರುವ ಅಥವಾ ಶಂಕೆಯಿರುವ, ಆಕ್ರಮಣಕಾರಿ ನಾಯಿಗಳನ್ನು ಹೊರತುಪಡಿಸಿತು. ಊಟ ಹಾಕಲು ಸ್ಥಳೀಯ ಸಂಸ್ಥೆ ಗುರುತಿಸಿದ ಜಾಗಗಳನ್ನೇ ಬಳಸಬೇಕೆಂದಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಬಾರದೆಂದು ಆದೇಶಿಸಿತು. ನೀವು ಎತ್ತಿದ ನಾಯಿ ಅಂಥ ಆವರಣದ್ದಾದರೆ ಮನೆ ಹುಡುಕುವುದನ್ನು ಮೊದಲ ದಿನವೇ ಶುರುಮಾಡಿ. ಎಲ್ಲೋ ದೂರದ ಬಡಾವಣೆಯಲ್ಲಿ, ಕಾಡಂಚಿನಲ್ಲಿ ಬಿಟ್ಟುಬರುವುದಂತೂ ಕೂಡದು. ಅಲ್ಲಿನ ನಾಯಿಗಳು ಅದನ್ನು ಹರಿದುಹಾಕುತ್ತವೆ. ಪ್ರಾಣಿಯನ್ನು ಹಸಿವಿಗೆ ಬಿಟ್ಟು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಬೀದಿಗೆ ಮರಳಬಲ್ಲದ್ದು ಯಾವುದು? ವಯಸ್ಕ, ಗಟ್ಟಿಮುಟ್ಟಾದ, ಹೆಚ್ಚು ಕಾಲ ಬೇರೆಯಿರದ, ಊಟ ಹಾಕುವವರು ಇರುವ ನಾಯಿ. ತಿಂಗಳುಗಟ್ಟಲೆ ಒಳಗಿದ್ದ ನಾಯಿಯ ಜಾಗವನ್ನು ಬೇರೆ ನಾಯಿಗಳು ಹಿಡಿದಿರುತ್ತವೆ. ಅಂಥದ್ದನ್ನು ಕೆಲವು ದಿನ ಹಗ್ಗ ಕಟ್ಟಿ ಅದೇ ಬೀದಿಯಲ್ಲಿ ನಡೆಸಿ, ಹಳೆಯ ಜೊತೆಗಾರರು ಮೂಸಿ ಒಪ್ಪಿಕೊಂಡರೋ ನೋಡಿ. ಬಿಡುವುದು ಬೆಳಿಗ್ಗೆ, ಊಟ ಹಾಕುವವರ ಎದುರಿಗೆ, ರಾತ್ರಿ ಬೇಡ.

ಮೂರು ಕಾಲಿನದು, ಕುರುಡು, ಮುದಿನಾಯಿ, ಮನೆಯಲ್ಲೇ ಬೆಳೆದದ್ದು, ಇವಕ್ಕೆ ಮನೆಯೇ ಬೇಕು. ದತ್ತು ಕೇಳಿ ಬಂದವರಲ್ಲಿ ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, ಮನೆಯ ಹಿರಿಯರ ಒಪ್ಪಿಗೆ ಕೇಳಿ. ನಾಯಿ ಹಗಲು ಎಲ್ಲಿರುತ್ತದೆ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ತೋಟ ಕಾಯಲು ಬೇಕು, ಸರಪಳಿಯಲ್ಲಿ ಕಟ್ಟುತ್ತೇವೆ ಎಂದರೆ ನಾನಂತೂ ಕೊಡುವುದಿಲ್ಲ. ನಾಯಿಯನ್ನು ಮನೆಗೆ ನೀವೇ ಒಯ್ದು ಬಿಡಿ, ಆ ನೆಪದಲ್ಲಿ ಗೇಟು, ತಾರಸಿಯ ಗೋಡೆಯ ಎತ್ತರ ನೋಡಿದಂತಾಗುತ್ತದೆ. ಕೊಟ್ಟ ಮೇಲೆ ಮೊದಲ ವಾರ ದಿನಾ ಒಂದು ಫೋನ್, ಆಮೇಲೆ ತಿಂಗಳಿಗೊಂದು ಚಿತ್ರ ಕೇಳಿ. ಲಸಿಕೆಯ ಚೀಟಿ, ರಕ್ತಪರೀಕ್ಷೆಯ ವರದಿ, ಅದು ಯಾವುದಕ್ಕೆ ಹೆದರುತ್ತದೆ ಎಂಬ ಪಟ್ಟಿಯನ್ನೂ ಕೊಡಿ. ಒಂದು ಹಾಳೆಯ ದತ್ತುಪತ್ರ ಬರೆಯಿಸಿ, ಇಬ್ಬರೂ ಸಹಿ ಹಾಕಿ. ಸಾಕಲಾಗದಿದ್ದರೆ ಯಾವತ್ತಾದರೂ ನಮಗೇ ಮರಳಿ ಕೊಡಬೇಕು, ಬೀದಿಗೆ ಬಿಡಬಾರದು ಎಂಬ ಸಾಲು ಅದರಲ್ಲಿ ಇರಲೇಬೇಕು.